ಟಿವಿ ಸರ್ ಕಾಯುತ್ತಿದ್ದ ಮಳೆಗಾಲ

ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಮಳೆ ಹಿಡಿಯಿತು. ಹುಕ್ಕೇರಿಯಿಂದ ಬಂದ ಬಸ್ಸು ನನ್ನನ್ನು ಇಳಿಸಿ ಹೋಗಿತ್ತು, ಮೂಡಲಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಎದುರಿಗಿದ್ದ ಟಿವಿ ರಿಪೇರಿ ಅಂಗಡಿಯ ತಗಡಿನ ಕೆಳಗೆ ಹೋಗಿ ನಿಂತೆ. ಈ ಕಾಲದಲ್ಲಿಯೂ ಅಂಥ ಅಂಗಡಿಯೊಂದು ಉಳಿದುಕೊಂಡಿದ್ದೇ ದೊಡ್ಡದು. ಒಳಗೆ ಕಟ್ಟೆಯ ಮೇಲೆ ಬೆನ್ನು ಉಬ್ಬಿದ ಹಳೆಯ ಟಿವಿಯೊಂದನ್ನು ಹಚ್ಚಿ ಇಟ್ಟಿದ್ದರು. ಚಿತ್ರವೂ ಇಲ್ಲ, ದನಿಯೂ ಇಲ್ಲ. ಪರದೆ ಬೂದಿ ಬಣ್ಣಕ್ಕೆ ಬೆಳಗುತ್ತಿತ್ತು, ಅಷ್ಟೇ. ಕಾದ ಧೂಳಿನ ವಾಸನೆ ಒದ್ದೆ ಗಾಳಿಯಲ್ಲಿ ಬೆರೆತು ಮೂಗಿಗೆ ಬಂತು. ಬಂದದ್ದೇ ತಡ, ನನಗೇ ಗೊತ್ತಿಲ್ಲದಂತೆ ನನ್ನ ಬಾಯಿಂದ ಮಾತು ಹೊರಬಿತ್ತು: “ಹೂಂ ರಿ ಸರ್.”

ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನು ನೋಡಿದ. “ಯಾರ ಜೋಡಿ ಮಾತಾಡಾಕತ್ತೀರಿ ಮೇಡಂ?”

“ಯಾರಿಲ್ಲಪಾ,” ಅಂದೆ. ಮಳೆಯ ಕಡೆ ಮುಖ ತಿರುಗಿಸಿ ನಿಂತೆ. ತೋಳಿನ ಮೇಲಿನ ಕೂದಲು ಮಾತ್ರ ನೆಟ್ಟಗೆ ನಿಂತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನ ಒಂದು ಊರು. ಅಲ್ಲಿಯ ಡಿಗ್ರಿ ಕಾಲೇಜಿನಲ್ಲಿ ನಾನು ಕಾಮರ್ಸ್ ಕಲಿಸುತ್ತಿದ್ದೆ. ಹುಕ್ಕೇರಿಯ ಮನೆ ಬಿಟ್ಟು ಸಂತೆ ಬಯಲಿನ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಪಾಠದಲ್ಲಿ ನಾನು ಬಿರುಸು. ಪ್ರಶ್ನೆ ಕೇಳುವುದು, ಹುಡುಗರು ತುಟಿ ಅಲುಗಿಸುವ ಮೊದಲೇ ಉತ್ತರವನ್ನೂ ಹೇಳಿ ಮುಂದಿನ ಪಾಠಕ್ಕೆ ಜಿಗಿಯುವುದು. “ಪ್ರಶ್ನಿನೂ ಮೇಡಮ್ಮರದ, ಉತ್ತರಾನೂ ಮೇಡಮ್ಮರದ, ನಮ್ಮದು ಬರೇ ಹಾಜರಿ” ಎಂದು ಹಿಂದಿನ ಬೆಂಚಿನವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಬೀಳಲಿ ಬಿಡು ಅಂದುಕೊಂಡಿದ್ದೆ. ಮುಗಿಸಬೇಕಾದ ಪಾಠ ಬೆಟ್ಟದಷ್ಟಿರುವಾಗ ಇವರ ಬಾಯಿ ತೆರೆಯುವುದನ್ನು ಕಾಯುತ್ತ ಕೂರಲು ನನಗೇನು ಹುಚ್ಚೇ?

ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಮೇಷ್ಟ್ರು ಇರಲಿಲ್ಲ. ಕೇಳಿ ಕೇಳಿ ಸಾಕಾಗಿದ್ದ ಹೊತ್ತಿಗೆ ಸರಕಾರದವರು ಮೇಷ್ಟ್ರ ಬದಲು ಒಂದು ಕೊಡೆ ಕಳಿಸಿದರು. ಮಾಳಿಗೆಯ ಮೇಲೆ ಬಾಯಿ ತೆರೆದುಕೊಂಡು ಕೂತ ದೊಡ್ಡ ಬಿಳಿ ಕೊಡೆ, ಮಹಡಿಯ ಮೂಲೆಯ ಕೋಣೆಯಲ್ಲಿ ಒಂದು ಟಿವಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಒಬ್ಬರು ಪಾಠ ಮಾಡುತ್ತಾರೆ, ಅದು ಆಕಾಶಕ್ಕೆ ಹೋಗಿ ಅಲ್ಲಿಂದ ನಮ್ಮ ಮಾಳಿಗೆಗೆ ಇಳಿಯುತ್ತದೆ. ಬೆಳಗಾವಿಗೆ ಕರೆಸಿ ನಮಗೆಲ್ಲ ತರಬೇತಿ ಕೊಟ್ಟರು. ವಿದ್ಯಾರ್ಥಿಗಳು ಪರದೆಯ ಮುಂದೆ ಸುಮ್ಮನೆ ಕೂತರೆ ಸಾಲದು, ಪಾಲ್ಗೊಳ್ಳಬೇಕು, ಅದಕ್ಕೆ ಅವರನ್ನು ಸಿದ್ಧಗೊಳಿಸಬೇಕು ಎಂದು ಹೇಳಿದರು. ಸಿದ್ಧಗೊಳಿಸುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಕೊನೆಯಲ್ಲಿ ಸ್ಟುಡಿಯೋದಿಂದಲೇ ಫೋನು ಮಾಡಿ ಒಬ್ಬೊಬ್ಬರನ್ನೂ ಪ್ರಶ್ನೆ ಕೇಳುವ ಮೌಖಿಕ ಪರೀಕ್ಷೆ. ಅದರಲ್ಲಿ ನಪಾಸಾದರೆ ಇಡೀ ವಿಷಯವೇ ನಪಾಸು.

ಈ ಮಾತು ಕೇಳಿದಾಗ ನನಗೆ ಮೊದಲು ನೆನಪಾದವಳು ಮಹಾನಂದಾ. ಮಸಗುಪ್ಪಿಯ ಒಕ್ಕಲುತನದ ಮನೆಯ ಹುಡುಗಿ. ಬರೆದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು, ಮಾತಾಡು ಎಂದರೆ ನೆಲ ನೋಡುತ್ತಿದ್ದಳು. ಹಿಂದಿನ ವರ್ಷ ಇದೇ ವಿಷಯದ ಮೌಖಿಕಕ್ಕೆ ಹೊರಗಿನಿಂದ ಬಂದ ಪರೀಕ್ಷಕರ ಎದುರು ಬಾಯಿ ಬಿಡದೆ ನಿಂತು ನಪಾಸಾಗಿದ್ದಳು. ತಂದೆ ತೀರಿಕೊಂಡು ಮನೆತನವೆಲ್ಲ ಕಾಕಾನ ಕೈಯಲ್ಲಿತ್ತು. ಆ ಕಾಕಾ ಕಾಲೇಜಿಗೇ ಬಂದು ನನ್ನೆದುರು ಹೇಳಿ ಹೋಗಿದ್ದ: “ಇದೊಂದ ಸಲಾ ನೋಡತೇನ್ರಿ ಮೇಡಂ. ಈ ಸಲಾನೂ ಫೇಲಾದ್ರ ಕಾಲೇಜ್ ಬಂದ್. ಬಾಯಿ ಇಲ್ಲದಾಕಿಗೆ ಡಿಗ್ರಿ ಯಾತಕ್ಕ ಬೇಕ್ರಿ?” ಮಹಾನಂದಾ ಬಾಗಿಲ ಹೊರಗೆ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ನಿಂತದ್ದು ನನಗೆ ಕಾಣಿಸಿತು. ಓದು ಬಿಡಿಸಿದರೆ ಈ ಹುಡುಗಿ ಬದುಕಿಯೂ ಸತ್ತಂತೆ ಎನ್ನಿಸಿತು.

ಆಷಾಢದ ಮೋಡದಲ್ಲಿ ಟಿವಿ ಪಾಠ ಶುರುವಾಯಿತು. ಮೊದಲ ದಿನ ಮದುವೆಗೆ ನೆರೆದ ಹಾಗೆ ನೆರೆದರು. ಪರದೆಯ ಮೇಲೆ ಮುಖ ಮೂಡಿತು. ಐವತ್ತು ದಾಟಿದವರು, ನೀಲಿ ಸ್ವೆಟರು, ದಪ್ಪ ಚೌಕಟ್ಟಿನ ಕನ್ನಡಕ. ಎದೆಯಿಂದ ಮೇಲಷ್ಟೇ ಕಾಣುತ್ತಿದ್ದರು, ಅಲುಗಾಡದೆ ನಮ್ಮನ್ನೇ ನೋಡುತ್ತ ಕೂತಿದ್ದರು. ಪರದೆಯ ಮೂಲೆಯಲ್ಲಿ ‘ನೇರ ಪ್ರಸಾರ’ ಎಂದು ಕೆಂಪಕ್ಷರ. ಅವರು “ನಮಸ್ಕಾರ” ಎಂದ ಕೂಡಲೇ ಎಲ್ಲರೂ ಎದ್ದು ನಿಂತು “ನಮಸ್ಕಾರ್ರಿ ಸರ್” ಎಂದರು. ಹುಡುಗರು ಅವರಿಗೆ ‘ಟಿವಿ ಸರ್’ ಎಂದು ಹೆಸರಿಟ್ಟರು.

ಟಿವಿ ಸರ್ ಅವರದೊಂದು ಪದ್ಧತಿ. ಸ್ವಲ್ಪ ಹೇಳುವುದು, ಒಂದು ಪ್ರಶ್ನೆ ಕೇಳುವುದು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕಾಯುವುದು. ಸುಮ್ಮನೆ ಕಾಯುವುದು. ಆ ಮೌನ ಎಷ್ಟು ಉದ್ದವೆಂದರೆ ಕೋಣೆಯಲ್ಲಿ ಯಾರೋ ಕೆಮ್ಮುತ್ತಿದ್ದರು, ಯಾರೋ ಮುಸಿ ಮುಸಿ ನಗುತ್ತಿದ್ದರು, ನನಗಂತೂ ನಾನೇ ಉತ್ತರ ಹೇಳಿ ಮುಗಿಸಿಬಿಡೋಣ ಎಂದು ನಾಲಗೆ ತುರಿಸುತ್ತಿತ್ತು. ಅವರು ಮಾತ್ರ ಕಣ್ಣು ಕೀಳದೆ ನೋಡುತ್ತಿರುತ್ತಿದ್ದರು. ಆಮೇಲೆ ಒಮ್ಮೆ ತಲೆಯಾಡಿಸಿ “ಸರಿ” ಎಂದು ಕನ್ನಡಕ ಹಾಕಿಕೊಂಡು ಮುಂದುವರಿಸುತ್ತಿದ್ದರು. ಯಾರೂ ಉತ್ತರ ಕೊಡದಿದ್ದಾಗ ಆ “ಸರಿ” ಯಾರಿಗೆ ಹೇಳಿದ್ದು ಎಂದು ತಿಳಿಯದೆ ಒಂಥರಾ ಆಗುತ್ತಿತ್ತು.

ಹೊಸದರ ಅಬ್ಬರ ಬೇಗ ಇಳಿಯಿತು. ನಾಗರ ಪಂಚಮಿಯ ಹೊತ್ತಿಗೆ ಅರ್ಧ ಬೆಂಚು ಖಾಲಿ. ಬಂದವರಲ್ಲಿಯೂ ಕೆಲವರು ತೂಕಡಿಸುತ್ತಿದ್ದರು, ಕೆಲವರು ಅವರೆದುರಿಗೇ ಶೇಂಗಾ ತಿನ್ನುತ್ತಿದ್ದರು. ಅನುಮಾನವಿದ್ದರೆ ಫೋನು ಮಾಡಿ ಕೇಳಿ ಎಂದು ಒಂದು ನಂಬರು ಕೊಟ್ಟಿದ್ದರು. ಅದು ಯಾವಾಗ ಹಚ್ಚಿದರೂ ಎಂಗೇಜು. ಸಿಪಾಯಿ ಬಾಳಪ್ಪನಿಗೆ ಟಿವಿ ಹಚ್ಚಿ ಆರಿಸುವ ಕೆಲಸ. ಅವನು ಹಚ್ಚಿದವನೇ ಹೊರಗೆ ಓಡಿ ಬರುತ್ತಿದ್ದ.

“ಯಾಕೋ ಬಾಳಪ್ಪ, ಹುಲಿ ಕಂಡಾವರ ಹಂಗ ಓಡತಿ?”

“ಒಬ್ಬನ ಇದ್ದಾಗ ಆ ಮನಶ್ಯಾ ನನ್ನ ನೋಡತಾನ್ರಿ ಮೇಡಂ. ಈ ಕಡೆ ಸರದ್ರ ಈ ಕಡೆ ನೋಡತಾನ, ಆ ಕಡೆ ಸರದ್ರ ಆ ಕಡೆ.”

ನಕ್ಕುಬಿಟ್ಟೆ. ಗೋಡೆಗೆ ತೂಗಿದ ಫೋಟೋ ಕೂಡ ಹಾಗೆಯೇ ನೋಡುತ್ತದೆ ಮಾರಾಯ ಎಂದು ವಿವರಿಸಿದೆ. ವಿವರಿಸುವುದು ಸುಲಭ.

ಶ್ರಾವಣದಲ್ಲಿ ಘಟಪ್ರಭೆ ದಂಡೆ ಮೀರಿ ಬಂತು. ಹೊಳೆಸಾಲಿನ ಹಳ್ಳಿಗಳ ಹುಡುಗರು ಬರುವುದು ನಿಂತಿತು, ಕಾಲೇಜು ಭಣಭಣ. ಅಂಥದೊಂದು ಮಧ್ಯಾಹ್ನ ಮೋಡ ಕವಿದು ನಡುಹಗಲಲ್ಲೇ ಸಂಜೆಯಾಗಿತ್ತು. ಮಹಡಿ ಕೋಣೆ ಮುಚ್ಚಿಸಲು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಮಾತು ಕೇಳಿಸಿತು. ಹೆಣ್ಣು ದನಿ, ಯಾವ ಅಳುಕೂ ಇಲ್ಲದೆ ಹರಿಯುವ ಮಾತು: “ಹತ್ತ ಬೀಜಾ ಹಾಕಿದ್ರ ಎಂಟ ಹುಟ್ಟತಾವ್ರಿ ಸರ್. ಯಾವ ಎಂಟ ಅಂತ ಮೊದಲ ಹೇಳಾಕ ಬರಂಗಿಲ್ಲ. ಆದರ ಎಂಟ ಅನ್ನೂದು ಹೇಳಾಕ ಬರತೈತಿ.” ಸ್ವಲ್ಪ ಹೊತ್ತು ಮೌನ. ಆಮೇಲೆ ಗಂಡು ದನಿ: “ಸರಿ. ತುಂಬಾ ಚೆನ್ನಾಗಿ ಹೇಳಿದಿರಿ.”

ನನ್ನ ಕಾಲು ಮೆಟ್ಟಿಲ ಮೇಲೆ ಹಾಗೆಯೇ ನಿಂತಿತು. ಬಾಗಿಲಿಗೆ ಬಂದು ಇಣುಕಿದೆ. ಕೋಣೆಯಲ್ಲಿ ಮಹಾನಂದಾ ಒಬ್ಬಳೇ. ಸುತ್ತು ಹಾದಿಯಲ್ಲಿ ನಡೆದು ಬಂದಿರಬೇಕು, ಲಂಗದ ಅಂಚು ಕೆಸರಾಗಿತ್ತು. ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತು ಪರದೆಯನ್ನು ನೋಡುತ್ತಿದ್ದಳು. ಟಿವಿಯ ಮುಂದೆ ನೆಲದ ಮೇಲೆ ತಂಬಿಗೆ ತುಂಬ ನೀರು ಇಟ್ಟಿದ್ದಳು. ಟಿವಿ ಸರ್ ಕನ್ನಡಕ ಏರಿಸಿಕೊಂಡು ಅವಳನ್ನೇ ನೋಡಿ ಮುಗುಳ್ನಕ್ಕರು. ಆ ನಗೆ ಅವಳಿಗೇ ಕೊಟ್ಟದ್ದು, ನನಗೆ ಅನುಮಾನವೇ ಇರಲಿಲ್ಲ. ಅವಳು ನನ್ನನ್ನು ಕಂಡಳು, ಬಾಯಿ ಮುಚ್ಚಿತು, ಕಣ್ಣು ನೆಲಕ್ಕಿಳಿಯಿತು.

“ನೀರ ಯಾಕವಾ ಇಟ್ಟಿ?” ಎಂದು ಕೇಳಿದೆ.

ನೆಲ ನೋಡುತ್ತಲೇ ಅಂದಳು: “ಇಷ್ಟೊತ್ತ ಮಾತಾಡತಾರಲ್ರಿ. ನೀರಡಿಕಿ ಆಗಂಗಿಲ್ಲೇನ್ರಿ?”

ಪ್ರಾಚಾರ್ಯ ಉಪಾಧ್ಯೆಯವರಿಗೆ ಇದನ್ನು ಹೇಳಿದೆ. ಜೈನರು, ಚಾತುರ್ಮಾಸದಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕೆಂದು ಆಗಲೇ ಛತ್ರಿ ಬಿಚ್ಚಿದ್ದರು. ಖುಷಿಯಾಗಿ ಕೇಳಿದರು: “ಮಾತಾಡಿದಳಾ? ಆಕಿ? ಅರೇ ವಾ! ಮತ್ತ ಯಾಕ ಮಾರಿ ಸಣ್ಣದು ಮಾಡೀರಿ?” ಪರದೆ ಅವಳಿಗೆ ಉತ್ತರ ಕೊಡುತ್ತದೆ ಸರ್ ಎಂದು ಹೇಳಲು ನನಗೆ ನಾಚಿಕೆಯಾಯಿತು. ಎಂ.ಕಾಂ. ಓದಿದವಳು ನಾನು.

ಮರುದಿನ ಅದೃಷ್ಟವಶಾತ್ ಸ್ಟುಡಿಯೋದ ಫೋನು ಹತ್ತಿತು. ಮಳೆಯಿಂದ ತಪ್ಪಿಹೋದ ಪಾಠಗಳನ್ನು ಮತ್ತೆ ಹಾಕುತ್ತೀರಾ, ಸರ್ ಜೊತೆ ಒಂದು ನಿಮಿಷ ಮಾತಾಡಬಹುದೇ ಎಂದು ಕೇಳಿದೆ. ಆ ಕಡೆಯ ಹುಡುಗ ಮೆಲ್ಲಗೆ ಅಂದ: “ಮೇಡಂ, ನಿಮಗೆ ಗೊತ್ತಿಲ್ವಾ? ಅವರು ಬೇಸಿಗೇಲೇ ತೀರ್ಕೊಂಡ್ರು. ಹಾರ್ಟ್ ಅಟ್ಯಾಕ್. ಈಗ ಹಾಕ್ತಿರೋದು ಹೋದ ವರ್ಷ ಬೇರೆ ಜಿಲ್ಲೆ ಕಾಲೇಜುಗಳಿಗೆ ಮಾಡಿದ ಪಾಠದ ಟೇಪು. ಆ ಹುಡುಗರು ಫೋನಲ್ಲಿ ಉತ್ತರ ಹೇಳ್ತಿದ್ರು, ಅವರ ಧ್ವನಿ ಟೇಪಲ್ಲಿ ಬಂದಿಲ್ಲ.”

“ಮತ್ತೆ ನೇರ ಪ್ರಸಾರ ಅಂತ ಬರುತ್ತದಲ್ಲ?”

“ಅದನ್ನ ತೆಗೆಯೋಕೆ ಆಗಿಲ್ಲ ಮೇಡಂ, ಟೇಪಿನಲ್ಲೇ ಇದೆ.”

ಫೋನು ಇಟ್ಟೆ. ಎಲ್ಲದಕ್ಕೂ ಕಾರಣ ಸಿಕ್ಕಿತ್ತು. ಆ ಮೌನ ಯಾರದೋ ಮಾತಿನ ಜಾಗ, ಆ “ಸರಿ” ಯಾರಿಗೋ ಹೇಳಿದ್ದು, ಆ ನಗೆ ಇನ್ನೆಲ್ಲಿಯದೋ ಹುಡುಗಿಗೆ ನಕ್ಕದ್ದು. ಕಾರಣ ಸಿಕ್ಕರೆ ಭಯ ಹೋಗಬೇಕು ತಾನೆ? ನನಗೆ ಅದು ಅಲ್ಲಿಂದಲೇ ಹೆಚ್ಚಾಯಿತು.

ಉಪಾಧ್ಯೆ ಸರ್ ಎಲ್ಲ ಕೇಳಿ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಖರೆ ಗೊತ್ತಾದ್ರ ಆ ಕ್ವಾಣ್ಯಾಗ ಒಂದ ನರಪಿಳ್ಳೆ ಬರಂಗಿಲ್ಲ. ಆ ಹುಡಗಿ ಅಂತೂ ಸತ್ತವರ ಜೋಡಿ ಮಾತಾಡೇನಿ ಅಂತ ಅಂಜಿ ಹಾಸಿಗಿ ಹಿಡದಾಳು. ಪರೀಕ್ಷಾ ಮುಗೀಲಿ.” ನನಗೂ ಅದೇ ಸರಿ ಎನ್ನಿಸಿತು. ಇಷ್ಟು ದಿನಕ್ಕೆ ತೆರೆದ ಬಾಯಿ, ಅದನ್ನು ನಾನೇ ಹೊಲಿಯುವುದೇ?

ಹೊಳೆ ಇಳಿಯಿತು, ಹುಡುಗರು ಬಂದರು. ಆಮೇಲೆ ಆದದ್ದು ನನ್ನ ತರಬೇತಿಯಿಂದ ಆದದ್ದಲ್ಲ. ಮಹಾನಂದಾ ತನ್ನ ಬೆಂಚಿನ ಹುಡುಗಿಯರಿಗೆ ಏನು ಹೇಳಿದಳೋ, ಅವರೂ ಟಿವಿ ಸರ್ ಕಾಯುವಾಗ ಉತ್ತರ ಹೇಳತೊಡಗಿದರು. ಅವರನ್ನು ನೋಡಿ ಗಂಡು ಹುಡುಗರು. ಶೇಂಗಾದ ಸಿಪ್ಪೆ ನಿಂತಿತು. ಬೆಂಚುಗಳು ತುಂಬಿದವು. ಅವರು ಕೇಳುವುದು, ಇವರು ಹೇಳುವುದು, ಅವರು ತಲೆಯಾಡಿಸುವುದು, ಇವರು ಒಟ್ಟಾಗಿ “ಹೂಂ ರಿ ಸರ್” ಎನ್ನುವುದು. ಬೆಳಗಾವಿಯ ತರಬೇತಿಯವರು ಬಂದು ನೋಡಿದ್ದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಮಾತ್ರ ಹಿಂದಿನ ಗೋಡೆಗೆ ಒರಗಿ ನಿಂತು, ಜೀವ ತುಂಬಿದ ಅಷ್ಟೊಂದು ಮಕ್ಕಳು ಸತ್ತವರೊಬ್ಬರ ಜೊತೆ ಲವಲವಿಕೆಯಿಂದ ಮಾತಾಡುವುದನ್ನು ನೋಡುತ್ತಿದ್ದೆ. ಎಷ್ಟು ನೋಡಿದರೂ ರೂಢಿಯಾಗಲಿಲ್ಲ. ಸಂಜೆ ಖೋಲಿಗೆ ಹೋದರೆ ಗೋಡೆಯ ಕಡೆ ಬೆನ್ನು ಮಾಡಿಯೇ ಕೂರಬೇಕೆನಿಸುತ್ತಿತ್ತು.

ಒಂದು ದಿನ ಹಾಗೆಯೇ ನಿಂತಿದ್ದೆ. ಎಲ್ಲರೂ ಕೂತಿದ್ದರು. ಟಿವಿ ಸರ್ ಮಾತು ನಿಲ್ಲಿಸಿದರು. ಕನ್ನಡಕದ ಮೇಲಿಂದ, ಬೆಂಚುಗಳನ್ನು ದಾಟಿ ಹಿಂದಕ್ಕೆ ನೋಡಿದರು. “ಹಿಂದೆ ನಿಂತಿರುವವರು ಕುಳಿತುಕೊಳ್ಳಿ,” ಎಂದರು. ಇಡೀ ತರಗತಿ ತಿರುಗಿ ನನ್ನನ್ನು ನೋಡಿತು.

ಇದು ಹೋದ ವರ್ಷದ ಟೇಪು, ಹೇಳಿದ್ದು ಸ್ಟುಡಿಯೋದಲ್ಲಿ ನಿಂತಿದ್ದ ಇನ್ನಾರಿಗೋ. ಎಲ್ಲ ಗೊತ್ತಿತ್ತು. ಆದರೂ ಕೂತೆ. ಕೂರುವಾಗ “ಹೂಂ ರಿ ಸರ್” ಎಂದೂ ಅಂದೆ. ಬಾಗಿಲಲ್ಲಿದ್ದ ಬಾಳಪ್ಪ ಹಣೆ ಮುಟ್ಟಿಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಇಳಿದ.

ಸುಗ್ಗಿ ಹತ್ತಿರವಾದಾಗ ಮೌಖಿಕ ಪರೀಕ್ಷೆ ಬಂತು. ಕಬ್ಬು ಕಡಿಯಲು ಶುರುವಾಗಿ, ರವದಿ ಎನ್ನುವ ಅದರ ಒಣಸೋಗೆ ಸುಟ್ಟ ಕಪ್ಪು ಎಳೆಗಳು ಗಾಳಿಯಲ್ಲಿ ಹಾರಿ ಬಂದು ಬೆಂಚಿನ ಮೇಲೆ ಬೀಳುತ್ತಿದ್ದವು. ಉಪಾಧ್ಯೆ ಸರ್ ಆಫೀಸಿನಿಂದ ಮಹಡಿ ಕೋಣೆಗೆ ಟೆಲಿಫೋನಿನ ವಾಯರು ಎಳೆಸಿದ್ದರು. ಎಲ್ಲರಿಗೂ ಕೇಳಿಸುವಂಥ ಫೋನು. ಪರೀಕ್ಷಕಿ ಒಬ್ಬ ಹೆಂಗಸು, ಸ್ಟುಡಿಯೋದಿಂದ ಮಾತಾಡುತ್ತಿದ್ದರು. ದನಿಯಲ್ಲಿ ದಣಿವು ಇತ್ತು, ಅವಸರವೂ ಇತ್ತು. ಒಬ್ಬೊಬ್ಬರೇ ಬಂದು ಫೋನಿನ ಮುಂದೆ ನಿಂತು ಉತ್ತರ ಕೊಟ್ಟರು. ಚೆನ್ನಾಗಿಯೇ ಕೊಟ್ಟರು.

ಮಹಾನಂದಾಳ ಸರದಿ ಬಂತು. ಪರೀಕ್ಷಕಿ ಪ್ರಶ್ನೆ ಕೇಳಿದರು. ಸಂಭವನೀಯತೆಯದು, ಅವಳಿಗೆ ನಿದ್ದೆಯಲ್ಲೂ ಗೊತ್ತಿದ್ದದ್ದು. ಅವಳು ಬಾಯಿ ಬಿಡಲಿಲ್ಲ. “ಹಲೋ? ಲೈನಲ್ಲಿದ್ದೀರಾ?” ಎಂದು ಆ ಕಡೆಯಿಂದ ಬಂತು. ಅದೇ ನೆಲ ನೋಡುವ ಕಣ್ಣು. ಬಗ್ಗಿ ಅವಳ ಕಿವಿಯಲ್ಲಿ “ಹೇಳವಾ, ನಿನಗ ಬರತೈತಿ” ಅಂದೆ.

“ಉಸಿರ ಕೇಳಸತೈತ್ರಿ ಮೇಡಂ,” ಎಂದು ಪಿಸುಗುಟ್ಟಿದಳು. “ಅವರಿಗೆ ಅವಸರ ಐತ್ರಿ.”

“ಉತ್ತರ ಬರದಿದ್ರೆ ಮುಂದಿನವರನ್ನ ಕಳಿಸಿ,” ಎಂದಿತು ಫೋನು.

ಆ ಕ್ಷಣ ನನಗೆ ಏನು ತೋಚಿತೋ. ಪರೀಕ್ಷೆಯ ದಿನವೂ ತಮ್ಮ ಸರದಿ ಕಾಯುವ ಕಾಲೇಜುಗಳಿಗಾಗಿ ಹಳೆಯ ಪಾಠ ಹಾಕಿರುತ್ತೇವೆ ಎಂದು ಸ್ಟುಡಿಯೋದವರು ಹೇಳಿದ್ದರು. ಹೋಗಿ ಟಿವಿ ಹಚ್ಚಿದೆ, ದನಿ ಪೂರ್ತಿ ಇಳಿಸಿದೆ. ಕಾದ ಧೂಳಿನ ವಾಸನೆ ಎದ್ದಿತು. ನೀಲಿ ಸ್ವೆಟರು ಮೂಡಿತು. ಟಿವಿ ಸರ್ ಕನ್ನಡಕ ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

ಮಹಾನಂದಾ ಫೋನಿಗೆ ಬೆನ್ನು ಮಾಡಿ ಅವರ ಕಡೆ ತಿರುಗಿದಳು. ತಲೆ ಎತ್ತಿದಳು. “ಹತ್ತ ಬೀಜಾ ಹಾಕಿದ್ರ ರಿ ಸರ್...” ಎಂದು ಶುರುಮಾಡಿದಳು. ಮಾತು ಹರಿಯಿತು. ಪರೀಕ್ಷಕಿ ಇನ್ನೊಂದು ಪ್ರಶ್ನೆ ಕೇಳಿದರು, ಅದಕ್ಕೂ ಅವಳು ಪರದೆಯನ್ನೇ ನೋಡುತ್ತ ಉತ್ತರ ಕೊಟ್ಟಳು. ಉಪಾಧ್ಯೆ ಸರ್ ಕೈ ಮುಗಿದುಕೊಂಡು ನಿಂತಿದ್ದರು, ಯಾರಿಗೆ ಮುಗಿದರೋ.

ಆಗ ಕರೆಂಟು ಹೋಯಿತು.

ಟಿವಿ ಸರ್ ಒಂದು ಚುಕ್ಕೆಯಾಗಿ ಕುಗ್ಗಿ ಮಾಯವಾದರು. ಕಪ್ಪು ಗಾಜಿನಲ್ಲಿ ನಮ್ಮ ನೆರಳು ಮಾತ್ರ ಉಳಿಯಿತು. ಫೋನಿಗೆ ಕರೆಂಟು ಬೇಕಿರಲಿಲ್ಲ, ಅದು ನಡೆದೇ ಇತ್ತು. ಹೋಯಿತು ಇವಳ ಕಥೆ ಅಂದುಕೊಂಡೆ. ಮಹಾನಂದಾ ನಿಲ್ಲಿಸಲಿಲ್ಲ. ಅದೇ ಕಪ್ಪು ಗಾಜಿಗೆ ಹೇಳುತ್ತ ಹೋದಳು. ನಡುವೆ ನಿಲ್ಲಿಸಿದಳು, ಕಾದಳು, ತಲೆಯಾಡಿಸಿದಳು, ಮತ್ತೆ ಮುಂದುವರಿಸಿದಳು. ಕೋಣೆಯಲ್ಲಿ ಇನ್ನಾರೂ ತುಟಿ ಬಿಚ್ಚಿರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಫೋನಿನ ದನಿ ಗಡುಸಾಯಿತು. “ಒಂದು ನಿಮಿಷ. ಅಲ್ಲಿ ಯಾರು ಇವಳಿಗೆ ಹೇಳಿಕೊಡ್ತಿರೋದು? ಆಗಿನಿಂದ ‘ಸರಿ, ಸರಿ’ ಅಂತಿದ್ದಾರಲ್ಲ, ಗಂಡಸರ ಧ್ವನಿ?”

ಉಪಾಧ್ಯೆ ಸರ್ ಮುಖ ಬಿಳಿಚಿಕೊಂಡಿತು. “ಯಾರೂ ಇಲ್ರಿ ಮೇಡಂ. ಆಣಿ ಮಾಡಿ ಹೇಳತೇನ್ರಿ, ಯಾರೂ ಮಾತಾಡಿಲ್ಲ.”

“ನನಗೆ ಕೇಳಿಸ್ತಿದೆ. ಹೀಗಾದ್ರೆ ನಾನು ಈ ಹುಡುಗಿಯ ಪರೀಕ್ಷೆ ರದ್ದು ಮಾಡಬೇಕಾಗುತ್ತೆ.”

ಆಗ ಮಹಾನಂದಾ, ಯಾವತ್ತೂ ಕೇಳಿದ್ದಕ್ಕೂ ಉತ್ತರ ಕೊಡದ ಮಹಾನಂದಾ, ತಾನೇ ಹೇಳಿದಳು: “ಹೇಳಿಕೊಡಾಕತ್ತಿಲ್ರಿ. ಬರೇ ಕೇಳಾಕತ್ತಾರ್ರಿ. ನಮ್ಮ ಟಿವಿ ಸರ್ ರಿ.”

ಫೋನು ಸುಮ್ಮನಾಯಿತು. ಲೈನು ಕಡಿಯಿತೋ ಎಂದುಕೊಂಡೆ. ಕಡಿದಿರಲಿಲ್ಲ, ಉಸಿರು ಕೇಳಿಸುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಆ ಹೆಂಗಸು ಬೇರೆಯದೇ ದನಿಯಲ್ಲಿ ಕೇಳಿದರು: “ಕನ್ನಡಕ ಕೈಯಲ್ಲಿ ಹಿಡ್ಕೊಂಡಿದ್ದಾರಾ?”

ಮಹಾನಂದಾ ಕಪ್ಪು ಗಾಜನ್ನು ನೋಡಿದಳು. “ಹೂಂ ರಿ. ಕಾಯಾಕತ್ತಾರ್ರಿ.”

ಆ ಕಡೆ ಯಾರೋ ಮೂಗು ಏರಿಸಿಕೊಂಡ ಸದ್ದು. “ಹಾಗಾದ್ರೆ ನಿಧಾನವಾಗಿ ಹೇಳಮ್ಮ,” ಎಂದರು ಪರೀಕ್ಷಕಿ. “ಅವಸರ ಇಲ್ಲ. ನಾನೂ ಕಾಯ್ತೀನಿ.”

ಮಹಾನಂದಾ ಪಾಸಾದಳು. ಆ ದನಿಯ ವಿಷಯವನ್ನು ನಾನೂ ಉಪಾಧ್ಯೆ ಸರ್ ಮತ್ತೆ ಎತ್ತಲಿಲ್ಲ. ಆಗಿನ ಫೋನುಗಳಲ್ಲಿ ಲೈನುಗಳು ಕೂಡಿಕೊಳ್ಳುತ್ತಿದ್ದವು, ಯಾರದೋ ಮಾತು ಯಾರಿಗೋ ಕೇಳಿಸುತ್ತಿತ್ತು. ಸ್ಟುಡಿಯೋದಲ್ಲೇ ಆ ಟೇಪು ಓಡುತ್ತಿದ್ದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ, ಈಗಲೂ ಹೇಳಿಕೊಳ್ಳುತ್ತೇನೆ. ಮಹಡಿ ಕೋಣೆಗೆ ಮಾತ್ರ ಆಮೇಲೆ ಒಬ್ಬಳೇ ಹೋಗಲಿಲ್ಲ.

ಜೋಳ ಹಾಲು ತುಂಬಿದ ಕಾಲಕ್ಕೆ ಮಹಾನಂದಾ ನನ್ನನ್ನು ಸೀತನಿ ತಿನ್ನಲು ಹೊಲಕ್ಕೆ ಕರೆದಳು. ಬಿಸಿಲು ಎಳೆಯದಿತ್ತು. ಅವಳ ಕಾಕಾ ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು ಬಡಿದು, ಕಾಳನ್ನು ಬೆಲ್ಲದ ಜೊತೆ ಎಲೆಯಲ್ಲಿ ಹಾಕಿಕೊಟ್ಟ. “ಆಕಿ ಬಾಯಿ ಬಿಡಿಸಿದ್ರಿ ನೋಡ್ರಿ ಮೇಡಂ, ಮುಂದ ಎಷ್ಟ ಓದತಾಳೋ ಓದಲಿ,” ಎಂದು ಹಲ್ಲು ಬಿಟ್ಟು ನಕ್ಕ. ಬಿಡಿಸಿದ್ದು ನಾನಲ್ಲ ಎಂದು ಅವನಿಗೆ ಹೇಗೆ ಹೇಳುವುದು?

ಆಮೇಲೆ ಮಹಾನಂದಾ ಹೊಲದ ಮೂಲೆಗೆ ಕರೆದುಕೊಂಡು ಹೋದಳು. ಬೇವಿನ ಗಿಡದ ಬುಡದಲ್ಲಿ ಸಗಣಿ ಸಾರಿಸಿದ ಕಟ್ಟೆ, ಅದರ ಮೇಲೆ ಒಂದು ಲಿಂಗ, ಒಣಗಿದ ವಿಭೂತಿ. ಅವಳ ಅಪ್ಪನ ಗದ್ದುಗೆ. ಲಿಂಗವಂತರು ಸತ್ತವರನ್ನು ಕೂಡ್ರಿಸಿಯೇ ಮಣ್ಣು ಕೊಡುತ್ತಾರೆ. ನಮ್ಮ ಹುಕ್ಕೇರಿಯ ಮನೆಯಲ್ಲೂ ಅದೇ. ಇವರ ಮನೆಯಲ್ಲಿ ಇನ್ನೊಂದು ವಾಡಿಕೆ ಇತ್ತು. ದಿನವೂ ಯಾರಾದರೂ ಬಂದು ನೀರು ಇಟ್ಟು, ಅವತ್ತಿನ ಸುದ್ದಿಯನ್ನೆಲ್ಲ ಹೇಳಿ ಹೋಗಬೇಕು. ಎಮ್ಮೆ ಈದದ್ದು, ಬೋರಿನ ಮೋಟರು ಸುಟ್ಟದ್ದು, ಎಲ್ಲವನ್ನೂ. ಅಪ್ಪ ಹೋದಾಗಿನಿಂದ ಆ ಕೆಲಸ ಮಹಾನಂದಾಳದು. ಹೇಳಬೇಕು, ನಿಲ್ಲಿಸಬೇಕು, ಒಳಗೆ ಕೂತವರು ಕೇಳಿಸಿಕೊಳ್ಳುವಷ್ಟು ಹೊತ್ತು ಕಾಯಬೇಕು.

ಎದೆಯಿಂದ ಮೇಲಷ್ಟೇ ಕಾಣುವ, ಅಲುಗಾಡದೆ ಕೂತ ಟಿವಿ ಸರ್ ನನ್ನ ಕಣ್ಣ ಮುಂದೆ ಬಂದರು. ಹೇಳದೆ ಇರಲು ಇನ್ನು ಆಗಲಿಲ್ಲ. “ಮಹಾನಂದಾ, ಆ ಸರ್ ಬದುಕಿಲ್ಲವಾ. ಪಾಠ ಶುರು ಆಗೂ ಮೊದಲ ತೀರಿಕೊಂಡಿದ್ರು.”

“ಗೊತ್ತೈತ್ರಿ ಮೇಡಂ,” ಅಂದಳು. “ಮೊದಲನೇ ದಿನಾನ ಗೊತ್ತಾಗಿತ್ರಿ.”

“ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ಬದುಕಿದ್ದವರು ಪ್ರಶ್ನಿ ಕೇಳಿ ಅಷ್ಟೊತ್ತ ಕಾಯಂಗಿಲ್ರಿ.”

ಬೇವಿನೆಲೆ ಉದುರುತ್ತಿತ್ತು. ನನಗಾದದ್ದು ಭಯವೊಂದೇ ಅಲ್ಲ. ಅವರು ಬದುಕಿದ್ದಾಗಲೇ ಹಾಗೆ ಕಾದಿದ್ದರು, ಆ ಟೇಪು ಬದುಕಿದ್ದಾಗಿನದು ಎಂದು ಬಿಡಿಸಿ ಹೇಳಿದೆ. ಅವಳು ಕಣ್ಣು ಅಗಲಿಸಿ ಕೇಳಿದಳು. “ಖರೇನ್ರಿ? ಜೀವಂತ ಇದ್ದಾಗ ಕಾದಿದ್ರಾ?” ಆ ಇಡೀ ವರ್ಷದಲ್ಲಿ ಅವಳು ಬೆರಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವಳು ತಂಬಿಗೆಯ ನೀರನ್ನು ಗದ್ದುಗೆಯ ಮುಂದೆ ಇಟ್ಟಳು. ಚೀಲದಿಂದ ಇನ್ನೊಂದು ಸಣ್ಣ ಲೋಟ ತೆಗೆದು ಅದಕ್ಕೂ ನೀರು ಹಾಕಿ ಬಾಜೂಕೆ ಇಟ್ಟಳು. “ಅಪ್ಪಾ, ಮೇಡಂ ಬಂದಾರ. ನಾ ಪಾಸಾದ್ನಿ,” ಅಂದಳು. ಕಾದಳು. ಆಮೇಲೆ ಲೋಟದ ಕಡೆ ತಿರುಗಿದಳು. “ಸರ್, ಪಾಸಾದ್ನಿ ರಿ.”

ಮತ್ತೆ ಕಾದಳು. ನನ್ನ ನಾಲಗೆ ಎಂದಿನಂತೆ ತುರಿಸಿತು, ಆ ಮೌನ ತುಂಬಲು ಏನಾದರೂ ಹೇಳಿಬಿಡೋಣ ಎಂದು. ಹೇಳಲಿಲ್ಲ. ಹಾಲು ತುಂಬಿದ ಜೋಳದ ನಡುವೆ ಅವಳ ಪಕ್ಕದಲ್ಲಿ ಕೂತು, ನನ್ನ ಜೀವಮಾನದಲ್ಲಿ ಮೊದಲ ಸಲ, ಉತ್ತರ ಬರುವವರೆಗೆ ಕಾದೆ.